ಪಿವಟ್‌ನಲ್ಲಿ ಸೇಲ್ಸ್ ಗ್ರೂಪ್ ಆಗ್ತಿಲ್ಲ ಅಂದ್ರೆ
ಎಕ್ಸೆಲ್ ಪಿವಟ್‌ನಲ್ಲಿ (ಡೇಟಾದ ಸಾರಾಂಶ ತೋರಿಸೋ ಟೇಬಲ್) ಸೇಲ್ಸ್ ಮೊತ್ತಗಳನ್ನ ಸಾವಿರ ಸಾವಿರದ ಗುಂಪು ಮಾಡೋಕೆ ಗ್ರೂಪ್ ಒತ್ತಿದ ತಕ್ಷಣ ಎರರ್ ಬರ್ತಿದೆ ಅಂದ್ರೆ ಬಹುಶಃ ನಿಮ್ಮ ಸೇಲ್ಸ್ ಕಾಲಮ್‌ನಲ್ಲಿ ಎಲ್ಲೋ ಒಂದ್ಕಡೆ ನಂಬರ್ ಟೆಕ್ಸ್ಟ್ ಆಗಿ ಕೂತಿದೆ, ನನಗೂ ಹೀಗೇ ಆಗಿತ್ತು, ಸೆಲ್‌ನ ಎಡಕ್ಕೆ ಅಂಟ್ಕೊಂಡಿರೋ ನಂಬರ್ ಕಂಡ್ರೆ ಅದೇ ಕಳ್ಳ. ಮೊದಲು ಆ ಕಾಲಮ್ ಪೂರ್ತಿ ಸೆಲೆಕ್ಟ್ ಮಾಡಿ ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆಗೆದು ಸೀದಾ ಫಿನಿಶ್ ಕೊಡಿ, ಆಮೇಲೆ ಪಿವಟ್ ರಿಫ್ರೆಶ್ ಮಾಡಿ, ಸೇಲ್ಸ್ ಫೀಲ್ಡನ್ನ ರೋಸ್ (Rows) ಜಾಗಕ್ಕೆ ಎಳೆದು ಯಾವ್ದಾದ್ರೂ ಒಂದು ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿ ಗ್ರೂಪ್ ಒತ್ತಿ. ಸ್ಟಾರ್ಟಿಂಗ್ ಅಟ್ 0, ಬೈ 1000 ಹಾಕಿ. ಸರಿಯಾಗಿ 1000 ಇರೋದು ಎರಡನೇ ಗುಂಪಿಗೆ ಹೋಗತ್ತೆ, ಗಮನ ಇರ್ಲಿ. ಗ್ರೂಪ್ ಆಪ್ಷನ್ನೇ ಮಂಕಾಗಿದ್ರೆ ಪಿವಟ್ ಮಾಡುವಾಗ ಡೇಟಾ ಮಾಡೆಲ್‌ಗೆ ಸೇರಿಸೋ ಆಪ್ಷನ್ ಬಹುಶಃ ಟಿಕ್ ಆಗಿರತ್ತೆ, ಆ ಟಿಕ್ ತೆಗೆದು ಪಿವಟ್ ಹೊಸದಾಗಿ ಮಾಡಿ.