‘ಪಾಪ’ ಅನ್ನೋರ ಬೀದಿಯಲ್ಲಿ ಅಕ್ಕೋರ ಸೈಕಲ್

ಅಕ್ಕೋರೆ, ನಮಸ್ಕಾರ.

ನಿಮ್ಮ ಪತ್ರ ಕೈಗೆ ಬಂದು ಎರಡು ವಾರ ಆಯಿತು. ನಾಲ್ಕು ಸಲ ಓದಿದೆ. ಮನೆಯಲ್ಲೂ ಓದಿ ಹೇಳಿದೆ. ನಾಲ್ಕು ಸಾಲಿನಲ್ಲಿ ಮುಗಿಸುವ ಉತ್ತರ ಇದಕ್ಕೆ ಸಾಲದು ಅನಿಸಿತು. ಅದಕ್ಕೇ ಈ ಸಂಚಿಕೆಯಲ್ಲಿ ಎರಡು ಪುಟ ಇದಕ್ಕಾಗಿಯೇ ಬಿಟ್ಟಿದ್ದೇನೆ.

ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಈ ಅಕ್ಕೋರಿಗೆ 46 ವರ್ಷ. ರಾಯಚೂರಿನಲ್ಲೇ ಪಾಠ ಹೇಳುತ್ತಾರೆ. ಮನೆಯಿಂದ ಶಾಲೆಗೆ ಮೂರು ಕಿ.ಮೀ. ಎರಡು ವರ್ಷದಿಂದ ಸೈಕಲ್ ಮೇಲೆಯೇ ಹೋಗಿ ಬರುತ್ತಾರೆ. ಓಣಿಯ ಜನ ಅವರನ್ನು ನೋಡಿ, "ಪಾಪ, ಅಕ್ಕೋರಿಗೆ ಇನ್ನೂ ಒಂದು ಗಾಡಿ ತಗೊಳ್ಳಾಕ ಆಗಿಲ್ಲ ನೋಡ್ರಿ" ಅನ್ನುತ್ತಾರಂತೆ. ಪಿಯುಸಿ ಓದುವ ಮಗ, "ನಮ್ಮ ಕಾಲೇಜು ಮುಂದೆ ಮಾತ್ರ ಸೈಕಲ್ ಮೇಲೆ ಬರಬ್ಯಾಡ" ಎಂದಿದ್ದಾನೆ. ಹೋದ ಸಂಚಿಕೆಯಲ್ಲಿ ನಾವು ಭಾನುವಾರದ ಸೈಕಲ್ ಜಾಥಾ ಬಗ್ಗೆ ಫೋಟೋ ಹಾಕಿ ಬರೆದಿದ್ದೆವು. ಅದನ್ನು ಓದಿ ಇವರು ಕೇಳಿದ್ದಾರೆ: ಆ ಫೋಟೋದಲ್ಲಿ ಒಬ್ಬ ಹೆಣ್ಣುಮಗಳೂ ಯಾಕಿಲ್ಲ? ಆ ಕಡೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಥರ್ಮಲ್‌ನವರು ದಿನಾ ಅಷ್ಟು ಹೊಗೆ ಬಿಡುವಾಗ ನನ್ನ ಒಂದು ಸೈಕಲ್‌ನಿಂದ ಏನಾದೀತು? ಈ ಬಿಸಿಲಲ್ಲಿ ಇದು ಎಷ್ಟು ದಿನ ನಡೆದೀತು? ಸುಮ್ನೆ ಒಂದು ಎಲೆಕ್ಟ್ರಿಕ್ ಸ್ಕೂಟಿ ತಗೊಂಡುಬಿಡಲಾ?

ಮೊದಲು ಫೋಟೋ ವಿಷಯ. ನೀವು ಹೇಳಿದ್ದು ಸರಿ. ತಪ್ಪು ನನ್ನದು. ಆ ಚಿತ್ರ ಆರಿಸಿದ್ದು ನಾನೇ. ಹೆಲ್ಮೆಟ್, ಗೇರ್ ಸೈಕಲ್, ಒಂದೇ ಬಣ್ಣದ ಟಿ-ಶರ್ಟ್ ಹಾಕಿದ ಹದಿನೆಂಟು ಗಂಡಸರು. ಚಿತ್ರ ಚೆನ್ನಾಗಿ ಬಂದಿತ್ತು, ಹಾಕಿದೆ. ನಿಮ್ಮ ಪತ್ರ ಓದಿದ ಮೇಲೆ ಒಂದು ದಿನ ಬೆಳಿಗ್ಗೆ ಐದೂವರೆಗೆ ಎದ್ದು ಕಾಳುಕಡಿ ಮಾರುಕಟ್ಟೆ ಇರುವ ಗಂಜ್ ಕಡೆ ಹೋಗಿ ನಿಂತೆ. ಹಮಾಲರು ಸೈಕಲ್ ಮೇಲೆ ಬರುತ್ತಿದ್ದರು. ಕ್ಯಾರಿಯರ್‌ಗೆ ಬುತ್ತಿಯ ಗಂಟು ಕಟ್ಟಿಕೊಂಡಿದ್ದರು. ಎರಡೂ ಕಡೆ ಹಾಲಿನ ಕ್ಯಾನು ತೂಗುಬಿಟ್ಟುಕೊಂಡು ಒಬ್ಬ ಅಜ್ಜ ಹೋದ. ಪೇಪರ್ ಹುಡುಗರು ಹೋದರು. ಕರಣಿ, ಗುಂಡು, ಮಟ್ಟಗೋಲು ಚೀಲಕ್ಕೆ ಹಾಕಿಕೊಂಡು ಗೌಂಡಿಗಳು ಹೋದರು. ಒಂದು ತಾಸಿನಲ್ಲಿ ಎಣಿಸುವುದನ್ನೇ ಬಿಟ್ಟೆ. ರಾಯಚೂರಿನಲ್ಲಿ ಸೈಕಲ್ ಬಳಗ ಕಟ್ಟಬೇಕು ಎಂದು ನಾವು ಬರೆದಿದ್ದೆವು, ಅಲ್ವಾ? ಅದು ಯಾವತ್ತಿನಿಂದಲೋ ಇದೆ. ನಮ್ಮ ಪತ್ರಿಕೆಯ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಭಾನುವಾರದ ಹುಡುಗರನ್ನು ನಾನು ಕಡೆಗಣಿಸುವುದಿಲ್ಲ. ಅವರಿಗೆ ಸೈಕಲ್ ಮೇಲೆ ನಿಜವಾದ ಪ್ರೀತಿ ಇದೆ. ಅಧಿಕಾರಿಗಳ ಮುಂದೆ ಕೂತು ಮಾತಾಡುವ ಧೈರ್ಯವೂ ಇದೆ. ಅವರ ಜೊತೆ ಹಮಾಲರೂ ನೀವೂ ಸೇರಿದರೆ ಕೇಳುವ ಮಾತಿಗೆ ತೂಕ ಬರುತ್ತದೆ.

ಇನ್ನು ಹೆಣ್ಣುಮಕ್ಕಳ ವಿಷಯ. 1990ರ ದಶಕದ ಶುರುವಿನಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಶೀಲಾ ರಾಣಿ ಚುಂಕತ್ ಅಲ್ಲಿನ ಕಲೆಕ್ಟರ್. ಅಕ್ಷರ ಕಲಿಸುವ ಜೊತೆಗೇ ಸೈಕಲ್ ಕಲಿಸುವ ಕೆಲಸವನ್ನೂ ಹಚ್ಚಿಕೊಂಡರು. ಹಳ್ಳಿಯ ಸಾವಿರಾರು ಹೆಂಗಸರು ಕಲಿತರು. ಕಲ್ಲು ಗಣಿಯಲ್ಲಿ ದುಡಿಯುವವರು, ಕೂಲಿಯವರು, ಅಂಗನವಾಡಿಯವರು, ಶಿಕ್ಷಕಿಯರು ಎಲ್ಲರೂ ಇದ್ದರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ ಹಿಡಿದರು. ಆಮೇಲೆ ಅದೇ ಒಳ್ಳೆಯದು ಅಂದವರೂ ಇದ್ದರು. ಮುಂದಿನ ಬಾರ್ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಅವರನ್ನೂ ಬೀದಿಯಲ್ಲಿ ಜನ ಆಡಿಕೊಂಡಿದ್ದರು. ಅವರು ಸೈಕಲ್ ಬಿಡಲಿಲ್ಲ. ನಮ್ಮಲ್ಲೂ 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರು. ನೀವೇ ಎಷ್ಟು ಮಕ್ಕಳಿಗೆ ಹಂಚಿದ್ದೀರೋ. ಸಂಜೆ ಹಳ್ಳಿ ದಾರಿಯಲ್ಲಿ ಯೂನಿಫಾರ್ಮ್ ಹಾಕಿದ ಹೆಣ್ಣುಮಕ್ಕಳ ಸಾಲು ಸೈಕಲ್ ಮೇಲೆ ಹೋಗುವುದನ್ನು ನೋಡುವುದೇ ಒಂದು ಸಂತೋಷ ಆಗಿತ್ತು. ಕೊರೊನಾ ಬಂದ ವರ್ಷ ಅದು ನಿಂತುಹೋಯಿತು. ನಿಂತಿದ್ದು ನನಗೆ ಇವತ್ತಿಗೂ ಸಂಕಟ.

ಈಗ ‘ಪಾಪ’ ಅನ್ನೋರ ಮಾತಿಗೆ ಬರುತ್ತೇನೆ. ಇದರ ಬಗ್ಗೆ ಬರೆಯುವಾಗ ನನ್ನದೇ ಒಂದು ಕತೆ ಹೇಳದೆ ವಿಧಿಯಿಲ್ಲ.

ನಮ್ಮಪ್ಪ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಹತ್ತಿರ ಒಂದು ಕಪ್ಪು ಸೈಕಲ್ ಇತ್ತು. ದೊಡ್ಡ ಕ್ಯಾರಿಯರ್, ಡೈನಮೋ ದೀಪ, ಹಿಂದಿನ ಮಡ್‌ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ ಅವರ ಹೆಸರು. ಪ್ರತಿ ಭಾನುವಾರ ಅಂಗಳದಲ್ಲಿ ಅದನ್ನು ಮಗುಚಿ ನಿಲ್ಲಿಸಿ, ಕಡ್ಡಿ ಕಡ್ಡಿಯನ್ನೂ ಒರೆಸಿ, ಚೈನಿಗೆ ಎಣ್ಣೆ ಬಿಡುತ್ತಿದ್ದರು. ನಾನು ಕಾಲೇಜಿಗೆ ಸೇರಿದಾಗ ಅದನ್ನು ನನಗೆ ಕೊಟ್ಟು ತಾವು ನಡೆದು ಹೋಗತೊಡಗಿದರು. ನಾನು ಏನು ಮಾಡುತ್ತಿದ್ದೆ ಗೊತ್ತಾ? ತೀನ್ ಕಂದೀಲ್ ಹತ್ತಿರ ಪರಿಚಯದವರ ಅಂಗಡಿಯ ಹಿಂದೆ ಸೈಕಲ್ ಬಿಟ್ಟು ಉಳಿದ ದಾರಿ ನಡೆಯುತ್ತಿದ್ದೆ. ಗೆಳೆಯರೆಲ್ಲ ಗಾಡಿ ಮೇಲೆ ಬರುತ್ತಿದ್ದರು. ನಾನು ಬಸ್ಸಿಗೆ ಬರ್ತೀನಿ ಅಂತ ಸುಳ್ಳು ಹೇಳಿದ್ದೆ.

ಒಂದು ದಿನ ಆ ಅಂಗಡಿಯವರೇ ಅಪ್ಪನಿಗೆ ಹೇಳಿಬಿಟ್ಟರು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಆ ಭಾನುವಾರ ಎಂದಿನಂತೆ ಸೈಕಲ್ ಒರೆಸಿದರು. ಆಮೇಲೆ ಸಣ್ಣ ಬ್ರಷ್ ತಗೊಂಡು ಮಡ್‌ಗಾರ್ಡ್ ಮೇಲಿದ್ದ ತಮ್ಮ ಹೆಸರಿನ ಮೇಲೆ ಕಪ್ಪು ಬಣ್ಣ ಹಚ್ಚಿದರು. ನಾನು ನೋಡುತ್ತಾ ಕೂತಿದ್ದೆ. ಬೇಡ ಅನ್ನಲಿಲ್ಲ. ಇವತ್ತು ಅಪ್ಪ ಇಲ್ಲ. ಸೈಕಲ್ ನನ್ನ ಹತ್ತಿರ ಇದೆ. ಆ ಹೆಸರನ್ನು ಮತ್ತೆ ಬರೆಸಿದ್ದೇನೆ.

ನಿಮ್ಮ ಮಗನ ಮೇಲೆ ಸಿಟ್ಟು ಮಾಡಬೇಡಿ. ಆ ವಯಸ್ಸಿನಲ್ಲಿ ಅವನಿಗಾದ ನಾಚಿಕೆಯೇ ನನಗೂ ಆಗಿತ್ತು. ಆದರೆ ಅವನ ಕಾಲೇಜಿನ ಮುಂದಿನ ದಾರಿಯನ್ನು ನೀವು ಬದಲಿಸಲೂ ಬೇಡಿ. ಓಣಿಯವರ ಮಾತಿಗೆ ನನ್ನ ಉತ್ತರ ಬೇರೆ. ಅವರಿಗೆ ಗಾಡಿ ಎಂದರೆ ಗೆದ್ದ ಗುರುತು. ಒಂದು ಕಾಲಕ್ಕೆ ಸೈಕಲ್ಲೇ ಆ ಗುರುತಾಗಿತ್ತು. ಮದುವೆ ಮಾತುಕತೆಯಲ್ಲಿ ವಾಚು, ರೇಡಿಯೋ ಜೊತೆ ಸೈಕಲ್ ಕೇಳುತ್ತಿದ್ದರು. ಈಗ ಅದರ ಜಾಗಕ್ಕೆ ಬೈಕ್ ಬಂದಿದೆ, ನಾಳೆ ಕಾರು ಬರುತ್ತದೆ. ಆ ಓಟದ ಹಿಂದೆ ನೀವು ಓಡಬೇಕಾಗಿಲ್ಲ.

ಥರ್ಮಲ್ ಮಾತು. ಇದು ನಮ್ಮೂರಿನವರು ಮಾತ್ರ ಇಷ್ಟು ನೇರವಾಗಿ ಕೇಳಬಹುದಾದ ಪ್ರಶ್ನೆ. ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಈಗ ಎಂಟು ಘಟಕ, 1,720 ಮೆಗಾವಾಟ್. ಊರಿಗೆ ಇನ್ನೂ ಹತ್ತಿರ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಘಟಕ. ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ. ಬೂದಿ ಇಲ್ಲೇ ಉಳಿಯುತ್ತದೆ. ಬೂದಿ ಟ್ಯಾಂಕರ್ ಹಿಂದೆ ಸೈಕಲ್ ತುಳಿದವರಿಗೆ ಅದರ ರುಚಿ ನಾಲಿಗೆ ಮೇಲೇ ಗೊತ್ತು. ಇದರ ಲೆಕ್ಕವನ್ನು ನೀವು ನಿಮ್ಮ ಹೆಗಲ ಮೇಲೆ ಹಾಕಿಕೊಳ್ಳಬೇಡಿ, ಅಕ್ಕೋರೆ. ನಿಮ್ಮ ಸೈಕಲ್‌ನಿಂದ ಶಕ್ತಿನಗರದ ಹೊಗೆ ನಿಲ್ಲುವುದಿಲ್ಲ. ಅದನ್ನು ಕೇಳಬೇಕಾದ ಜಾಗ ಬೇರೆ, ಕೇಳಬೇಕಾದವರು ನಾವೆಲ್ಲ.

ಆದರೆ ಸ್ಕೂಟಿ ಲೆಕ್ಕವನ್ನು ಮಾಡಿಯೇ ನೋಡೋಣ. ಎಲೆಕ್ಟ್ರಿಕ್ ಸ್ಕೂಟಿ ಒಂದು ಯೂನಿಟ್ ಕರೆಂಟಿಗೆ ಮೂವತ್ತು ಕಿ.ಮೀ. ದಾಟಿ ಓಡುತ್ತದೆ. ನಿಮ್ಮ ಐದು ದಿನದ ಓಡಾಟ ಅಷ್ಟೇ. ಒಂದು ಯೂನಿಟ್‌ಗೆ ಥರ್ಮಲ್‌ನಲ್ಲಿ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಬರೀ ಬೂದಿ. ಅಂದರೆ ವಾರಕ್ಕೆ ಹತ್ತಿರ ಹತ್ತಿರ ಕಾಲು ಕೆ.ಜಿ. ಬೂದಿ. ಪೆಟ್ರೋಲ್ ಗಾಡಿ ಇನ್ನೂ ಜಾಸ್ತಿ ಕೆಟ್ಟದ್ದು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಷ್ಟೇ ದೂರಕ್ಕೆ ಕರೆಂಟಿನ ಸ್ಕೂಟಿಯಲ್ಲಿ ಅದು ಕಡಿಮೆ ಆಗುತ್ತದೆ. ಮೊಣಕಾಲು ನೋವು ಬಂದರೆ, ದೂರದ ಶಾಲೆಗೆ ವರ್ಗ ಆದರೆ ಅದನ್ನೇ ತಗೊಳ್ಳಿ, ಯಾವ ಅಳುಕೂ ಬೇಡ. ಇವತ್ತಿನ ಮಟ್ಟಿಗೆ ನಿಮ್ಮ ಆರು ಕಿ.ಮೀ. ಓಡಾಟಕ್ಕೆ ಒಂದು ಜೋಳದ ರೊಟ್ಟಿಯ ಶಕ್ತಿ ಸಾಕು. ಆ ಜೋಳ ನಮ್ಮ ಸೀಮೆಯ ಹೊಲದ್ದೇ.

ನೀವು ಪತ್ರದ ಕೊನೆಯಲ್ಲಿ ಪಂಕ್ಚರ್ ಬಗ್ಗೆ ಎರಡು ಸಾಲು ಬರೆದಿದ್ದೀರಿ. ಬಳ್ಳಾರಿ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು, ಇವೆರಡರ ಕಾಟ ನನಗೂ ಗೊತ್ತು. ಆದರೆ ಪಂಕ್ಚರ್ ಅಂಗಡಿಯಲ್ಲಿ ಕೂತಾಗ ನನಗೆ ಬೇಸರ ಆಗುವುದಿಲ್ಲ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಾರೆ. ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗಲು ಬಿಟ್ಟು ತುಂಡು ಅಂಟಿಸುತ್ತಾರೆ. ಆ ತುಂಡೂ ಹಳೆ ಟ್ಯೂಬಿನದೇ ಇರುತ್ತದೆ. ಇನ್ನು ತೇಪೆ ಹಾಕಲು ಬಾರದಷ್ಟು ಹಳತಾದ ಟ್ಯೂಬು ಕ್ಯಾರಿಯರ್‌ಗೆ ಗಂಟು ಬಿಗಿಯುವ ಪಟ್ಟಿ ಆಗುತ್ತದೆ. ನಮ್ಮ ಅವ್ವಂದಿರು ಹಳೆ ಸೀರೆಯಲ್ಲಿ ಕೌದಿ ಹೊಲಿಯುತ್ತಿದ್ದುದು ನೆನಪಾಗುತ್ತದೆ. ಪರಿಸರ ಎಂಬ ಮಾತನ್ನು ಅವರು ಆಡಿದ್ದನ್ನು ನಾನು ಕೇಳಿಲ್ಲ. ಒಂದು ಬಟ್ಟೆಯನ್ನೂ ಎಸೆದದ್ದು ನೋಡಿಲ್ಲ.

ಬಿಸಿಲಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ನಮ್ಮದು 40 ಡಿಗ್ರಿ ದಾಟುವ ಊರು. ಅದಕ್ಕೇ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ನಡೆಯುತ್ತವೆ. ಸೈಕಲ್ ಮೇಲೆ ಕಚೇರಿಗೆ ಹೋಗುವವರಿಗೆ ಹೋಗುವಾಗ ತಂಪು, ಬರುವಾಗ ಬೆಂಕಿ. ನಿಮಗೆ ಬೇಸಿಗೆ ರಜೆ ಇದೆ. ಆದರೂ ಮಾರ್ಚ್ ಇದೆ, ಜೂನ್ ಇದೆ.

ನನ್ನ ಗಟ್ಟಿ ನಂಬಿಕೆ ಒಂದಿದೆ. ರಾಯಚೂರಿನಲ್ಲಿ ಸೈಕಲ್ ದಾರಿ ಎಂದರೆ ನೆರಳು. ಬೇರೆ ಊರಿನವರು ರಸ್ತೆ ಮೇಲೆ ಹಸಿರು ಬಣ್ಣ ಬಳಿದು ಗೆರೆ ಎಳೆಯಲಿ. ನಮಗೆ ಮೊದಲು ಬೇಕಾದದ್ದು ರಸ್ತೆಯ ಅಂಚಿನಲ್ಲಿ ಸಾಲು ಬೇವು, ಸಾಲು ಹೊಂಗೆ. ಮೊದಲು ಮರ ಎಲ್ಲಿರುತ್ತಿತ್ತು? ರಸ್ತೆ ಪಕ್ಕದಲ್ಲಿ. ನಡೆಯುವವರು, ಸೈಕಲ್‌ನವರು, ಬಂಡಿಯವರು ಅದರ ಕೆಳಗೆ ಹೋಗುತ್ತಿದ್ದರು. ರಸ್ತೆ ಅಗಲ ಮಾಡುವಾಗ ಅವು ಹೋದವು. ಆಮೇಲೆ ಡಿವೈಡರ್ ಮಧ್ಯೆ ಅಲಂಕಾರದ ಗಿಡ ಬಂದವು. ನೀರು ಅವಕ್ಕೂ ಹಾಕುತ್ತಾರೆ, ಖರ್ಚು ಅವಕ್ಕೂ ಇದೆ. ಆದರೆ ಡಿವೈಡರ್ ನೆರಳಲ್ಲಿ ಯಾರು ನಿಲ್ಲುತ್ತಾರೆ? ಕಾರಿನಲ್ಲಿ ಎ.ಸಿ. ಹಾಕಿಕೊಂಡವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಬಿಸಿಲಿನಿಂದ ಒಂದು ಬೇವಿನ ಕೆಳಗೆ ಬಂದ ಕೂಡಲೇ ಬೆನ್ನಿಗೆ ಆಗುವ ತಂಪು ಸೈಕಲ್‌ನವರಿಗೆ ಗೊತ್ತು, ನಡೆಯುವವರಿಗೆ ಗೊತ್ತು. ಅದಕ್ಕೇ ಮರದ ಮಾತು ಶುರುಮಾಡಬೇಕಾದವರು ನೀವು.

ಹೋದ ಮಳೆಗಾಲದಲ್ಲಿ ನಾನು ಬಿದ್ದೆ. ಯಾರೋ ಅಗೆದು ಹಾಗೇ ಬಿಟ್ಟಿದ್ದ ಗುಂಡಿ. ನೀರು ತುಂಬಿ ಕಾಣಲಿಲ್ಲ. ಮೊಣಕೈ ತರಚಿತು, ಅಷ್ಟೇ. ಎಬ್ಬಿಸಿದ್ದು ಹಿಂದೆ ಬರುತ್ತಿದ್ದ ಒಬ್ಬ ಪೇಪರ್ ಹುಡುಗ. "ಸರ, ಇಲ್ಲಿ ದಿನಾ ಒಬ್ರು ಬೀಳ್ತಾರ್ರಿ. ನಾವು ಆ ಕಡೆಯಿಂದ ಹೊಕ್ಕೀವಿ" ಎಂದ. ಊರಿನ ಗುಂಡಿಗಳು, ನಾಯಿ ಬೆನ್ನಟ್ಟುವ ಓಣಿಗಳು, ದೀಪ ಇಲ್ಲದ ತಿರುವುಗಳು, ಎಲ್ಲವೂ ಅವನ ತಲೆಯಲ್ಲಿವೆ. ಅದನ್ನು ಯಾರೂ ಅವನನ್ನು ಕೇಳಿಲ್ಲ.

ನಾವು ಕೇಳಬೇಕೆಂದಿದ್ದೇವೆ. ಮುಂದಿನ ಸಂಚಿಕೆಯಿಂದ ಒಂದು ಪುಟ ಸೈಕಲ್‌ನವರಿಗೆ. ಸ್ಟೇಷನ್ ರಸ್ತೆಯಿಂದ ಗಂಜ್‌ವರೆಗೆ, ಮಾವಿನಕೆರೆ ಸುತ್ತ, ಎಲ್ಲಿ ನೆರಳಿದೆ, ಎಲ್ಲಿ ಗಾಳಿ ಹೊಡೆಯುವ ಪಂಪ್ ಇದೆ, ಎಲ್ಲಿ ಸೈಕಲ್ ನಿಲ್ಲಿಸಲು ಜಾಗ ಇದೆ ಎಂದು ಓದುಗರೇ ಬರೆಯಲಿ. ಬರೆಯಲು ಬಾರದವರು ಕಚೇರಿಗೆ ಬಂದು ಹೇಳಲಿ, ನಾವು ಬರೆದುಕೊಳ್ಳುತ್ತೇವೆ. ಮೊದಲ ಪುಟದ ಫೋಟೋಗೆ ನಿಮ್ಮನ್ನು ಕೇಳುವ ಆಸೆ ಇತ್ತು. ಹೆಸರು ಬೇಡ ಎಂದಿದ್ದೀರಿ, ಹಾಗಾಗಿ ಕೇಳುವುದಿಲ್ಲ. ಬೇಕಾದರೆ ನಿಮ್ಮ ಸೈಕಲ್‌ನ ಫೋಟೋ ಮಾತ್ರ ಕಳಿಸಿ.

ಅದರ ಜೊತೆ ಇನ್ನೊಂದು ಕೆಲಸ ಮಾಡಿಕೊಡಿ. ಮನೆಯಿಂದ ಶಾಲೆಯವರೆಗೆ ರಸ್ತೆ ಪಕ್ಕದಲ್ಲಿ ಎಷ್ಟು ಬೇವಿನ ಮರ ಉಳಿದಿವೆ ಎಂದು ಎಣಿಸಿ ಬರೆಯಿರಿ. ನಮ್ಮ ಮನೆಯಿಂದ ಕಚೇರಿಯವರೆಗೆ ನಾನು ಎಣಿಸಿದ್ದೇನೆ. ಏಳು ಇವೆ.

— ಸಂಪಾದಕ