ನೀವು ‘ಪಾರ್ಟ್‌ನರ್’ ಆದರೆ ನಿಮ್ಮ ಮಾಲೀಕ ಯಾರು?

ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ಕಾರ್ಮಿಕ ವಕೀಲರ ಉತ್ತರ

ಪ್ರಶ್ನೆ: ಸರ್, ಬೆಳಗಾವಿಯೊಳಗ ಮೂರು ವರ್ಷದಿಂದ ಊಟದ ಡೆಲಿವರಿ ಮಾಡ್ತೀನ್ರಿ. ಹೋದ ಮಳಿಗಾಲದಾಗ ಟಿಳಕವಾಡಿ ಮೂರನೇ ಗೇಟ್ ಹತ್ರ ಆರ್ಡರ್ ಒಯ್ಯೋವಾಗ ಗಾಡಿ ಸ್ಲಿಪ್ ಆಗಿ ಕೈ ಮುರೀತು. ಆರು ವಾರ ಮನ್ಯಾಗ ಕುಂತೆ. ತಿರುಗಿ ಲಾಗಿನ್ ಆಗಾಕ ಹೋದ್ರ ಐಡಿ ಬ್ಲಾಕ್! ಮೆಸೇಜ್ ಹಾಕಿದ್ರ ಮಷಿನ್ ಉತ್ತರ ಕೊಡತೈತಿ. ಆಫೀಸಿನವ್ರು ‘ನೀ ನಮ್ಮ ನೌಕರ ಅಲ್ಲ, ಪಾರ್ಟ್‌ನರ್’ ಅಂತಾರ. ಯಾರ ಮ್ಯಾಲ ದೂರು ಕೊಡ್ಲಿ?

ಉತ್ತರ: ಪಾಲುದಾರನಿಗೆ ಲಾಭದಲ್ಲಿ ಪಾಲಿರುತ್ತದೆ, ತಮ್ಮಾ. ನಿಮಗೆ ಪಾಲು ಬಂದದ್ದು ಪೆಟ್ರೋಲು, ಪಂಕ್ಚರು, ಪ್ಲಾಸ್ಟರಿನಲ್ಲಿ ಮಾತ್ರ.

ಈ ಹೆಸರಿನ ಆಟ ಬೆಳಗಾವಿಗಷ್ಟೇ ಸೀಮಿತವಲ್ಲ. ಊಬರ್ ಚಾಲಕರ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 19ರಂದು ಕರಾರಿನಲ್ಲಿ ಬರೆದ ಹೆಸರನ್ನು ಬದಿಗಿಟ್ಟು ನಡೆಯುವುದೇನೆಂದು ನೋಡಿತು. ಬಾಡಿಗೆ ದರ ಗೊತ್ತುಮಾಡುವವರು ಯಾರು? ಷರತ್ತು ಹಾಕುವವರು ಯಾರು? ರೇಟಿಂಗ್ ಇಳಿದರೆ ಹೊರಗಟ್ಟುವವರು ಯಾರು? ಎಲ್ಲಕ್ಕೂ ಉತ್ತರ ಕಂಪನಿಯೇ. ಹಾಗಾಗಿ ಅವರು ಕನಿಷ್ಠ ವೇತನ, ಸಂಬಳಸಹಿತ ರಜೆಗೆ ಹಕ್ಕುಳ್ಳ ಕೆಲಸಗಾರರೆಂದು ತೀರ್ಪು ಬಂತು.

ನಮ್ಮಲ್ಲಿ ದಾರಿ ಬೇರೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರರನ್ನು, ಅಂದರೆ ನಿಮ್ಮಂತೆ ಆ್ಯಪ್ ಮೂಲಕ ಕೆಲಸ ಹಿಡಿದು ದುಡಿಯುವವರನ್ನು, ಗುರುತಿಸುತ್ತದೆ, ಆದರೆ ಮಾಲೀಕ-ನೌಕರ ಸಂಬಂಧದ ಹೊರಗೇ ನಿಲ್ಲಿಸುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಅದೇನೇ ಇರಲಿ, ‘ನನ್ನನ್ನು ಕೆಲಸದಿಂದ ವಜಾ ಮಾಡಿದರು’ ಎಂದು ನೀವು ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರೆ ಮೊದಲು ‘ನಾನು ನೌಕರ’ ಎಂದು ಸಾಬೀತು ಮಾಡುವುದರಲ್ಲೇ ವರ್ಷ ಕಳೆದೀತು.

ನಿಮ್ಮ ಕೈಗೆ ಸಿಗುವ ಹತ್ಯಾರ ಎಂದರೆ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಪ್ರತ್ಯೇಕ ಕಾಯ್ದೆ. ಅದರ ಪ್ರಕಾರ ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಇಲ್ಲದೆ ಕಂಪನಿ ನಿಮ್ಮನ್ನು ತೆಗೆಯುವಂತಿಲ್ಲ. ಯಾವ ಯಾವ ಕಾರಣಕ್ಕೆ ಐಡಿ ಬಂದ್ ಮಾಡಬಹುದು ಎಂಬುದು ಕರಾರಿನಲ್ಲೇ ಇರಬೇಕು. ಮಾತಾಡಲು ಮಷಿನ್ ಅಲ್ಲ, ಮನುಷ್ಯ ಸಿಗಬೇಕು. ಇಂದೇ ಎರಡು ಪ್ಯಾರಾದ ಕನ್ನಡ ಪತ್ರ ಬರೆದು ಕಾರಣ ಕೇಳಿ. ಇಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟೂ ಹಾಕಿ. ಕಾಯ್ದೆ ಹೇಳುವ ಸಂಖ್ಯೆಗಿಂತ ಹೆಚ್ಚು ಗಿಗ್ ಕೆಲಸಗಾರರಿರುವ ಕಂಪನಿಯಲ್ಲಿ ಆಂತರಿಕ ವಿವಾದ ಪರಿಹಾರ ಸಮಿತಿ ಇರಬೇಕು. ದೂರು ಅಲ್ಲಿಗೂ ಹೋಗಲಿ. ಅದೇ ಪತ್ರದ ಪ್ರತಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಗಾಳಿಗೆ ಹಾರಿದ ಚೀಟಿ ಇದ್ದಂಗ.

ಇನ್ನು ಕೈ ಮುರಿದ ಖರ್ಚು. ಗಾಡಿ ತಾನಾಗಿ ಜಾರಿದ್ದರಿಂದ ಎದುರು ವಾಹನದ ವಿಮೆಯಲ್ಲಿ ಪರಿಹಾರ ಕೇಳಲು ಬರುವುದಿಲ್ಲ. ಇ-ಶ್ರಮ್ (ಅಸಂಘಟಿತ ಕಾರ್ಮಿಕರ ಕೇಂದ್ರ ಸರ್ಕಾರಿ ಪೋರ್ಟಲ್) ನೋಂದಣಿ ಇದ್ದರೆ ರಾಜ್ಯದ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಅಪಘಾತದ ಆಸ್ಪತ್ರೆ ಖರ್ಚು 1 ಲಕ್ಷ ರೂಪಾಯಿವರೆಗೆ ಮರಳಿ ಸಿಗುತ್ತದೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಡಿಸ್ಚಾರ್ಜ್ ಕಾರ್ಡು, ಬಿಲ್ಲು, ಆ ದಿನದ ಆರ್ಡರಿನ ಸ್ಕ್ರೀನ್‌ಶಾಟ್ ಬೇಕಾಗುತ್ತವೆ. ಹಳೇ ಫೋನು ಮಾರಿಲ್ಲ ತಾನೆ? ನನ್ನ ಹತ್ತಿರ ಬರುವ ಹುಡುಗರಲ್ಲಿ ಎಷ್ಟೋ ಮಂದಿ ಪುರಾವೆ ಕಳೆದುಕೊಳ್ಳುವುದು ಮೊಬೈಲ್ ಅಂಗಡಿಯಲ್ಲೇ.

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲಾ, ಇಂಡಿ ತಾಲ್ಲೂಕರಿ. ನನ್ನ ತಮ್ಮ ಸೆಂಟ್ರಿಂಗ್ ಕೆಲಸ ಮಾಡ್ತಾನ, ಎಸ್ಸೆಸ್ಸೆಲ್ಸಿ ಫೇಲ್. ಸೌದಿಯೊಳಗ ಫುಟ್‌ಬಾಲ್ ವರ್ಲ್ಡ್ ಕಪ್ ಸ್ಟೇಡಿಯಂ ಕೆಲಸ ಐತಿ, ಫಿಫಾದವ್ರ ನೋಡ್ಕೋತಾರ ಅಂತ ಒಬ್ಬ ಏಜೆಂಟ್ ಒಂದೂವರೆ ಲಕ್ಷ ಕೇಳ್ಯಾನ. ಸದ್ಯಕ್ಕ ವಿಸಿಟ್ ವೀಸಾ, ಹೋದ ಮ್ಯಾಲ ಬದಲಿ ಮಾಡಸ್ತೀನಿ ಅಂತಾನ. ಎಮ್ಮಿ ಮಾರಿ ರೊಕ್ಕ ಕಟ್ಟಬೇಕಂತ ಮಾಡೀವಿ.

ಉತ್ತರ: ಅಕ್ಕಾ, ಎಮ್ಮಿ ಕೊಟ್ಟಿಗೆಯಲ್ಲೇ ಇರಲಿ.

2034ರ ವಿಶ್ವಕಪ್ ಸೌದಿಗೆ ಸಿಕ್ಕದ್ದು ನಿಜ. 2024ರ ಡಿಸೆಂಬರ್ 11ರಂದು ಫಿಫಾ ಘೋಷಿಸಿತು. ಐದು ನಗರಗಳಲ್ಲಿ 15 ಸ್ಟೇಡಿಯಂಗಳ ಯೋಜನೆಯಿದೆ, ಕೆಲಸವೂ ಇದೆ. ಆದರೆ ನಿಮ್ಮ ತಮ್ಮನಿಗೆ ಪಗಾರ ಕೊಡುವವರು ಫಿಫಾ ಅಲ್ಲ. ದೊಡ್ಡ ಗುತ್ತಿಗೆದಾರ, ಅವನ ಕೆಳಗೆ ಉಪಗುತ್ತಿಗೆದಾರ, ಅವನಿಗೆ ಆಳು ಒದಗಿಸುವ ಕಂಪನಿ, ಹೀಗೆ ಸರಪಳಿ ಇಳಿಯುತ್ತದೆ. ಪಗಾರ ಸಿಲುಕಿಕೊಳ್ಳುವುದು ಆ ಕೊನೇ ಕೊಂಡಿಯಲ್ಲಿ.

ಕತಾರಿನ ಕಥೆ ಕೇಳಿ. ಅವರಿಗೆ ವಿಶ್ವಕಪ್ ಸಿಕ್ಕದ್ದು 2010ರಲ್ಲಿ. ಎಲ್ಲ ಕೆಲಸಗಾರರಿಗೂ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ, ಊಟ ವಸತಿ ಕೊಡದಿದ್ದರೆ ಅದಕ್ಕೆ 300 ಮತ್ತು 500 ರಿಯಾಲ್ ಎಂಬ ನಿಯಮ ಜಾರಿಯಾದದ್ದು 2021ರ ಮಾರ್ಚ್‌ನಲ್ಲಿ. ಅಷ್ಟೊತ್ತಿಗೆ ಬಹುತೇಕ ಸ್ಟೇಡಿಯಂಗಳು ಎದ್ದು ನಿಂತಿದ್ದವು. ವಲಸೆ ಕಾರ್ಮಿಕರ ಎಷ್ಟೋ ಸಾವುಗಳನ್ನು ‘ಸಹಜ ಕಾರಣ’ ಎಂದು ಬರೆದು ಮುಗಿಸಿದರು. ಆ ಎರಡು ಪದ ಬಿದ್ದರೆ ಮನೆಯವರಿಗೆ ಪರಿಹಾರ ಸಿಗುವುದು ಬಹಳ ಕಷ್ಟ.

ತಮ್ಮ ಹತ್ತನೇ ಪಾಸಾಗಿಲ್ಲವಾದ್ದರಿಂದ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಅಗತ್ಯ) ವರ್ಗದ್ದು. ಅಂಥವರು ಸೌದಿಗೆ ದುಡಿಯಲು ಹೋಗುವಾಗ ಭಾರತ ಸರ್ಕಾರದ ವಲಸೆ ಅನುಮತಿ ಕಡ್ಡಾಯ. ಅದು ಅಡ್ಡಿಯಲ್ಲ, ಆಸರೆ. ಆಗ ಕರಾರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ಲಿನಲ್ಲಿ ದಾಖಲಾಗುತ್ತದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ ಇರುತ್ತದೆ. ವಿಸಿಟ್ ವೀಸಾ ಎಂದರೆ ಇದೆಲ್ಲದರ ಕಣ್ಣಿಗೆ ಬೀಳದೆ ದಾಟಿಸುವುದು. ಅಲ್ಲಿ ಅವನು ಕೆಲಸಗಾರ ಅಲ್ಲ, ದಾಖಲೆಯಲ್ಲಿ ಪ್ರವಾಸಿ. ಪ್ರವಾಸಿಗೆ ಪಗಾರ ಬಾಕಿ ಹೇಗೆ ಇರುತ್ತದೆ ಎಂದು ಕೇಳಿದರೆ ಏನು ಹೇಳುತ್ತಾನೆ?

ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್‌ನಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತಗೊಳ್ಳುವಂತಿಲ್ಲ. ನಂಬರ್ ಕೇಳಿದ ಕೂಡಲೇ ಅವನ ಫೋನು ಸ್ವಿಚ್ ಆಫ್ ಆದರೆ ನಿಮ್ಮ ಎಮ್ಮೆ ಉಳಿಯಿತು. ಸರಿಯಾದ ದಾರಿಯಲ್ಲಿ ಹೋದರೂ ಎರಡು ಮಾತು ತಮ್ಮನ ನೆನಪಿನಲ್ಲಿರಲಿ: ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಅಲ್ಲಿಯ ಕಾನೂನಿಗೂ ವಿರುದ್ಧ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ದುಡಿಸುವಂತಿಲ್ಲ.

ಪ್ರಶ್ನೆ: ಮಗಳು ಸೈಕ್ಲಿಸ್ಟ್, ವಿಜಯಪುರದಾಗ ತರಬೇತಿ ತಗೋತಾಳ. ವಿದೇಶದ ಒಂದು ಕಾಂಟಿನೆಂಟಲ್ ತಂಡದಿಂದ ಕರೆ ಬಂದೈತಿ. ಆಟಗಾರರಿಗೂ ಕಾರ್ಮಿಕರ ಹಕ್ಕು ಇರ್ತಾವೇನ್ರಿ?

ಉತ್ತರ: ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಗಳ ಸೈಕಲ್ ಹುಚ್ಚಿಗೆ ಇದಕ್ಕಿಂತ ಒಳ್ಳೇ ಸುದ್ದಿ ಬೇಕೇ!

ಹಕ್ಕು ತಂಡದ ದರ್ಜೆಯ ಮೇಲೆ ನಿಂತಿದೆ. ಅತಿ ಮೇಲಿನ ಮಹಿಳಾ ವರ್ಲ್ಡ್ ಟೀಮ್‌ಗಳಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರಲ್ಲಿ ವರ್ಷಕ್ಕೆ 15,000 ಯೂರೋ ಕನಿಷ್ಠ ಸಂಬಳ ಗೊತ್ತುಮಾಡಿ ಆಮೇಲೆ ಏರಿಸುತ್ತ ಬಂತು. ಅದಕ್ಕಿಂತ ಕೆಳಗಿನ ಕಾಂಟಿನೆಂಟಲ್ ದರ್ಜೆಗೆ ಅಂಥ ಕನಿಷ್ಠ ಮಿತಿಯಿಲ್ಲ. ಸಂಬಳವೇ ಇಲ್ಲದೆ ಓಡುವವರೂ ಇದ್ದಾರೆ. ‘ತಂಡಕ್ಕೆ ಆಯ್ಕೆ’ ಎಂಬ ಪತ್ರ ಕರಾರು ಅಲ್ಲ. ತಿಂಗಳಿಗೆ ಎಷ್ಟು, ವಿಮಾನದ ಟಿಕೆಟ್ ಯಾರದು, ಬಿದ್ದು ಕಾಲರ್ ಬೋನ್ ಮುರಿದರೆ ಆಸ್ಪತ್ರೆ ಬಿಲ್ಲು ಯಾರದು, ಸೈಕಲ್ ಯಾರ ಹೆಸರಿಗೆ, ನಡುವೆ ಬಿಟ್ಟು ಬಂದರೆ ದಂಡ ಎಷ್ಟು: ಈ ಐದಕ್ಕೂ ಸಹಿ ಸಮೇತ ಉತ್ತರ ತರಿಸಿ. ಕಾಗದ ಬಂದ ಮೇಲೆ ನನಗೊಮ್ಮೆ ಕಳಿಸಿ, ಓದಿ ಹೇಳುತ್ತೇನೆ. ಫೀ ಬೇಡ.