ತಿನ್ನುವ ಮೊದಲು ಎತ್ತಿಡಬೇಕಾದ ಹೂವು ಕೇಕಿಗೆ ಏಕೆ?

ಕಳೆದ ಸಂಚಿಕೆಯಲ್ಲಿ ದಾಸವಾಳದ ತಂಬುಳಿಯ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದರ ಫಲವಾಗಿ ಈ ತಿಂಗಳ ಅಂಚೆಯೆಲ್ಲ ಹೂವಿನದೇ. ಕೆಲವರು ಒಣಗಿದ ಎಸಳುಗಳನ್ನೂ ಲಕೋಟೆಯಲ್ಲಿ ಹಾಕಿ ‘ಇದನ್ನು ತಿನ್ನಬಹುದೇ’ ಎಂದು ಕೇಳಿದ್ದಾರೆ. ಪುಡಿಯಾದ ಎಸಳು ನೋಡಿ ಹೂವಿನ ಹೆಸರು ಹೇಳುವಷ್ಟು ನಾನು ಜಾಣೆಯಲ್ಲ. ಹೆಸರು ಖಚಿತವಾಗಿ ಗೊತ್ತಿಲ್ಲದ ಹೂವನ್ನು ಬಾಯಿಗೆ ಹಾಕಬೇಡಿ ಎಂಬುದೇ ಆ ಎಲ್ಲ ಲಕೋಟೆಗಳಿಗೂ ಉತ್ತರ. ಉಳಿದವರ ಪ್ರಶ್ನೆಗಳು, ಒಂದೊಂದರ ಕೆಳಗೂ ನನ್ನ ಉತ್ತರ, ಇಲ್ಲಿವೆ.

ಮಗಳ ಮೊದಲ ಹುಟ್ಟುಹಬ್ಬಕ್ಕೆ ನಾನೇ ಕೇಕ್ ಮಾಡುತ್ತಿದ್ದೇನೆ. ಮೇಲೆ ಗುಲಾಬಿ ಮತ್ತು ಬಿಳಿಯ ಪುಟ್ಟ ಜಿಪ್ಸೋಫಿಲಾ ಹೂಗಳನ್ನು ಇಡುವ ಆಸೆ. ಮಾರುಕಟ್ಟೆಯಿಂದ ತಂದ ಹೂವನ್ನು ಉಪ್ಪುನೀರಿನಲ್ಲಿ ತೊಳೆದರೆ ಸಾಕೇ? (ದಾವಣಗೆರೆ)

ಸಾಲದು. ಮಾರುಕಟ್ಟೆಯ ಹೂವು ದೇವರಿಗೆ, ಮುಡಿಗೆ ಮತ್ತು ಮದುವೆ ಮಂಟಪಕ್ಕೆಂದು ಬೆಳೆದದ್ದು. ಹೊಟ್ಟೆಗೆಂದು ಬೆಳೆದದ್ದಲ್ಲ. ಬೆಂಡೆ, ಟೊಮೆಟೊ ಬೆಳೆಯುವವನಿಗಾದರೂ ಔಷಧಿ ಹೊಡೆದ ಮೇಲೆ ಇಷ್ಟು ದಿನ ಬಿಟ್ಟು ಕೊಯ್ಯಬೇಕೆಂಬ ಲೆಕ್ಕವಿರುತ್ತದೆ. ಹೂವಿನವನಿಗೆ ಆ ಲೆಕ್ಕ ಏಕೆ ಬೇಕು? ಮಲ್ಲಿಗೆಯ ಮೊಗ್ಗು ಕೊರೆಯುವ ಹುಳುವಿಗೆ, ಗುಲಾಬಿಯ ಬೂದಿರೋಗಕ್ಕೆ ಅವನು ಹೊಡೆಯಬೇಕಾದದ್ದನ್ನು ಹೊಡೆಯುತ್ತಾನೆ. ಅದು ಅವನ ತಪ್ಪಲ್ಲ. ಅವುಗಳಲ್ಲಿ ಕೆಲವು ಗಿಡದ ರಸದೊಳಕ್ಕೇ ಸೇರುವಂಥವು. ಉಪ್ಪುನೀರು ಮೇಲಿನ ಧೂಳು ಕಳೆಯಬಹುದು, ಒಳಗಿನದನ್ನು ಕಳೆಯುವುದಿಲ್ಲ.

ಜಿಪ್ಸೋಫಿಲಾದ ಮಾತೇ ಬೇರೆ. ಔಷಧಿ ಹೊಡೆಯದೆ ಬೆಳೆದರೂ ಅದು ತಿನ್ನುವ ಹೂವಲ್ಲ. ನಮ್ಮ ಅಂಟುವಾಳದ ಕಾಯಿಯಲ್ಲಿ ನೊರೆ ಬರಿಸುವ ಸ್ಯಾಪೊನಿನ್ ಇದೆಯಲ್ಲ, ಆ ಜಾತಿಯ ಪದಾರ್ಥ ಇದರಲ್ಲೂ ಇದೆ. ಬಾಯಿ, ಹೊಟ್ಟೆಗಳನ್ನು ಕೆರಳಿಸುತ್ತದೆ. ಹಾಗಿದ್ದರೂ ಬೇಕರಿಗಳ ಚಿತ್ರಗಳಲ್ಲಿ ಎಲ್ಲೆಲ್ಲೂ ಅದೇ. ನಾನೂ ಚುಚ್ಚಿದವಳೇ. ಹನ್ನೆರಡು ವರ್ಷದ ಹಿಂದೆ, ಮಾವನವರ ಷಷ್ಟ್ಯಬ್ದಿಯ ಕೇಕಿಗೆ. ಹೊರಡುವ ಹೊತ್ತಿಗೆ ನೋಡಿದರೆ ಸಾಬೂದಾಣಿಯಷ್ಟೇ ಇರುವ ಆ ಹೂಗಳು ಉದುರಿ ಕೆನೆಯ ತುಂಬ ಹರಡಿದ್ದವು. ಚಿಮುಟದಲ್ಲಿ ಆರಿಸುತ್ತ ಕುಳಿತೆ, ಸಾಕಾಯಿತು. ಮೇಲಿನ ಪದರವನ್ನೇ ಚಾಕುವಿನಿಂದ ಹೆರೆದು ಎಸೆದು, ಬೋಳು ಕೇಕ್ ಒಯ್ದೆ. ತಿನ್ನುವ ಮೊದಲು ಎತ್ತಿಡಬೇಕಾದ ಹೂವನ್ನು ಕೇಕಿನ ಮೇಲೆ ಇಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಕಾಂಡಕ್ಕೆ ಟೇಪು ಸುತ್ತಿ, ಸ್ಟ್ರಾದೊಳಗೆ ತೂರಿಸಿ ನೆಡುವ ಉಪಾಯವನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಂಡದ ರಸ ಕೇಕಿಗೆ ಇಳಿಯುವುದಿಲ್ಲ, ನಿಜ. ಎಸಳು ಮಾತ್ರ ಕೆನೆಗೆ ತಾಗಿಕೊಂಡೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷದ ಕೂಸು ಮೊದಲು ಕೈ ಹಾಕುವುದೇ ಹೂವಿಗೆ.

ದಾವಣಗೆರೆಯಲ್ಲಿ ಔಷಧಿ ಕಾಣದ ಗುಲಾಬಿ ಗಿಡ ಯಾರದಾದರೂ ಹಿತ್ತಿಲಲ್ಲಿ ಇದ್ದೇ ಇರುತ್ತದೆ. ಪನ್ನೀರು ಗುಲಾಬಿಯಾದರೆ ಇನ್ನೂ ಒಳ್ಳೆಯದು, ಘಮವೂ ಇದೆ, ಎಸಳೂ ತೆಳು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಎಸಳು ಬಿಡಿಸಿ, ಬುಡದ ಬಿಳಿಯ ಭಾಗವನ್ನು ಕತ್ತರಿಯಿಂದ ತೆಗೆಯಿರಿ, ಕಹಿ ಇರುವುದು ಅಲ್ಲಿಯೇ. ಒದ್ದೆ ಬಟ್ಟೆಯ ನಡುವೆ ಹರಡಿ, ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಕೇಕಿನ ಮೇಲೆ ಹಾಕುವುದು ಕತ್ತರಿಸುವ ಹೊತ್ತಿಗೆ. ಮಗುವಿನ ಪಾಲಿನ ತುಂಡಿನಲ್ಲಿ ಮಾತ್ರ ಎಸಳು ಬೇಡ, ಗಂಟಲಿಗೆ ಅಂಟಿಕೊಳ್ಳುತ್ತದೆ.

ಕಣಗಿಲೆ ದೇವರಿಗೆ ಏರಿಸುವ ಹೂವು. ಪ್ರಸಾದದ ಜೊತೆ ಒಂದೆರಡು ಎಸಳು ಹೊಟ್ಟೆಗೆ ಹೋದರೆ ಏನಾಗುತ್ತದೆ? (ಮಂಡ್ಯ)

ದೇವರು ತಡೆದುಕೊಂಡಾನು, ನಾವು ತಡೆದುಕೊಳ್ಳುವುದಿಲ್ಲ. ಕಣಗಿಲೆಯ ಹೂವು, ಎಲೆ, ಕಾಂಡ ಎಲ್ಲದರಲ್ಲೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಹಳದಿ ಕಣಗಿಲೆಯೂ ಅಷ್ಟೇ, ಅದರ ಬೀಜವಂತೂ ಕುಖ್ಯಾತ. ಕೇರಳದಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ಈ ಹೂವನ್ನು ನೈವೇದ್ಯ, ಪ್ರಸಾದಗಳಿಂದ ಕೈಬಿಟ್ಟಿತು. ಆ ಸುದ್ದಿ ಬಂದಾಗ ನಮ್ಮ ಬೀದಿಯಲ್ಲಿ ಒಂದು ಗೊಂದಲವೆದ್ದಿತು. ಮಲಯಾಳದಲ್ಲಿ ಕಣಗಿಲೆಗೆ ‘ಅರಳಿ’ ಎನ್ನುತ್ತಾರೆ. ಕೇಳಿದವರು ನಮ್ಮ ಅರಳಿಮರವೇ ವಿಷವೆಂದುಕೊಂಡು ಕಟ್ಟೆಯ ಹತ್ತಿರ ಮಕ್ಕಳನ್ನು ಬಿಡಲಿಲ್ಲ!

ದತ್ತೂರ, ಎಕ್ಕ, ನಿತ್ಯಪುಷ್ಪ, ಬೇಲಿಯ ಲಂಟಾನ, ಬೆಂಕಿಯಂತೆ ಕಾಣುವ ಅಗ್ನಿಶಿಖೆ, ಇವನ್ನೂ ಅಡುಗೆಮನೆಯ ಹೊಸ್ತಿಲಿನಿಂದ ಆಚೆಗೇ ಇಡಿ. ಯಾರಾದರೂ ತಿಂದರೆ ಮನೆಮದ್ದು ಹುಡುಕುತ್ತ ಕೂರಬೇಡಿ. ಆ ಗಿಡದ ಒಂದು ಟೊಂಗೆಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಶಂಖಪುಷ್ಪದ ನೀಲಿ ಕೇಕ್ ಮಾಡಲು ಹೋದೆ, ಕೆರೆಯ ಪಾಚಿಯ ಬಣ್ಣ ಬಂತು. ಹೂವು ಹಳತಾಗಿತ್ತೇ? (ಬೆಂಗಳೂರು)

ಹೂವಿನದು ತಪ್ಪಿಲ್ಲ. ನನ್ನ ಮೊದಲ ಕೇಕಿನದೂ ಇದೇ ಬಣ್ಣ. ಮಗ ಅದನ್ನು ನೋಡಿ ‘ಅಮ್ಮಾ, ಇದಕ್ಕೆ ಕಪ್ಪೆ ಎಲ್ಲಿ’ ಎಂದು ಕೇಳಿದ್ದ.

ಶಂಖಪುಷ್ಪದ ನೀಲಿ ಬಲು ಚಂಚಲ. ಹುಳಿ ತಾಗಿದರೆ ನೇರಳೆ, ಹುಳಿ ಹೆಚ್ಚಾದರೆ ಗುಲಾಬಿ, ಕ್ಷಾರ ತಾಗಿದರೆ ಹಸಿರು. ನೀವು ಹಿಟ್ಟಿಗೆ ಅಡುಗೆ ಸೋಡಾ ಹಾಕಿರುತ್ತೀರಿ, ಅದು ಕ್ಷಾರ. ಮೊಟ್ಟೆಯ ಹಳದಿ, ಬೆಣ್ಣೆಯ ಹಳದಿ ಬೇರೆ ಸೇರಿದವು. ನೀಲಿಗೆ ಹಳದಿ ಬೆರೆತರೆ ಏನಾಗುತ್ತದೆಂದು ಒಂದನೆಯ ತರಗತಿಯ ಮಕ್ಕಳಿಗೂ ಗೊತ್ತು. ಉಳಿದ ಚೂರುಪಾರು ನೀಲಿಯನ್ನು ಓವನ್ನಿನ ಕಾವು ಮಂಕು ಮಾಡಿತು.

ಕೇಕಿನ ಒಳಗೆ ಈ ಹೂವನ್ನು ಹಾಕುವ ಹಟವನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಬಣ್ಣ ಮೇಲೆ ಬರಲಿ. ತೊಟ್ಟಿನ ಹಸಿರು ಬಿಡಿಸಿದ ಇಪ್ಪತ್ತು ಒಣ ಹೂಗಳನ್ನು ಕಾಲು ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಿ. ಒಂದು ಲೋಟ ಐಸಿಂಗ್ ಸಕ್ಕರೆಗೆ ಈ ಕಷಾಯವನ್ನು ಚಮಚ ಚಮಚವಾಗಿ ಹಾಕಿ ದೋಸೆಹಿಟ್ಟಿನ ಹದಕ್ಕೆ ತನ್ನಿ. ಅರ್ಧವನ್ನು ಹಾಗೇ ಇಟ್ಟು, ಉಳಿದರ್ಧಕ್ಕೆ ನಾಲ್ಕು ಹನಿ ನಿಂಬೆರಸ ಬಿಡಿ. ಬಟ್ಟಲಿನಲ್ಲಿ ಹನಿ ಬಿದ್ದ ಜಾಗದಿಂದ ನೇರಳೆ ಬಣ್ಣ ಶಾಯಿಯ ಹಾಗೆ ಹರಡುವುದನ್ನು ನೋಡಲಿಕ್ಕಾದರೂ ಮಕ್ಕಳನ್ನು ಕರೆಯಿರಿ. ಎರಡನ್ನೂ ಕೇಕಿನ ಮೇಲೆ ಅಕ್ಕಪಕ್ಕ ಸುರಿದು ಕಡ್ಡಿಯಿಂದ ಒಂದು ಗೀರು ಎಳೆದರೆ ಬೇರೆ ಅಲಂಕಾರವೇ ಬೇಡ. ರುಚಿ ಮಾತ್ರ ಕೇಳಬೇಡಿ, ಈ ಹೂವಿಗೆ ರುಚಿಯೆಂಬುದೇ ಇಲ್ಲ. ಮಲೇಷ್ಯಾದವರು ನಾಸಿ ಕೆರಾಬು ಎಂಬ ನೀಲಿ ಅನ್ನಕ್ಕೆ ಇದನ್ನು ಬಳಸುವುದೂ ಬಣ್ಣಕ್ಕಾಗಿಯೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಇದರ ಸಾರವನ್ನು ಆಹಾರದ ಬಣ್ಣವೆಂದು ಒಪ್ಪಿಕೊಂಡಿತು. ಆಮೇಲೆ ನಮ್ಮ ಬೇಲಿಯ ಹೂವಿಗೆ ಇಲ್ಲಿಯೂ ಬೆಲೆ ಬಂತು!

ದಾಸವಾಳದ ತಂಬುಳಿಯ ಅಳತೆ ಕೊಡಿ. ನಮ್ಮ ಅಂಗಳದಲ್ಲಿ ಕೇಪಳವೂ ಇದೆ, ಅದೂ ಆಗುತ್ತದೆಯೇ? (ಪುತ್ತೂರು)

ಪುತ್ತೂರಿನವರು ಮೈಸೂರಿನಲ್ಲಿ ಕುಳಿತವಳಿಗೆ ತಂಬುಳಿಯ ಅಳತೆ ಕೇಳುವುದೆಂದರೆ! ನಾನು ತೀರ್ಥಹಳ್ಳಿಯ ಕಡೆಯವಳಾದ್ದರಿಂದ ಧೈರ್ಯ ಮಾಡಿ ಹೇಳುತ್ತೇನೆ.

ಐದು ಎಸಳಿನ ಕೆಂಪು ದಾಸವಾಳ ಹತ್ತು. ನರ್ಸರಿಯಿಂದ ಹೊಸದಾಗಿ ತಂದ ಗಿಡದ್ದಾದರೆ ಬೇಡ, ನಾನು ಅಂಥ ಗಿಡದ ಹೂವನ್ನು ಮೂರು ತಿಂಗಳು ಮುಟ್ಟುವುದಿಲ್ಲ. ಹಸಿರು ತೊಟ್ಟನ್ನೂ ನಡುವಿನ ಕೇಸರದ ದಂಡನ್ನೂ ತೆಗೆದು, ಎಸಳನ್ನು ಕೊಡವಿ. ತೊಳೆಯುವ ಮೊದಲು ಕೊಡವಬೇಕು, ಇರುವೆಗಳು ಒಳಗೆ ಬಿಡಾರ ಹೂಡಿರುತ್ತವೆ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು ಎಸಳು ಹಾಕಿ. ಬಾಣಲೆ ತುಂಬಿದ್ದ ಹೂವು ಎರಡು ನಿಮಿಷದಲ್ಲಿ ಒಂದು ಹಿಡಿಯಾಗುತ್ತದೆ. ಲೋಳೆ ಬಿಟ್ಟು, ಕಪ್ಪು ನೇರಳೆಗೆ ತಿರುಗುತ್ತದೆ. ಹೊಸಬರು ಗಾಬರಿಯಾಗಿ ‘ಸೀದಿತು’ ಎಂದು ಎಸೆಯುವುದು ಇಲ್ಲಿಯೇ. ಸೀದಿಲ್ಲ. ತಣಿದ ಮೇಲೆ ಕಾಲು ಲೋಟ ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಕಲಸಿ. ಮಜ್ಜಿಗೆಯ ಹುಳಿ ತಾಗಿದ್ದೇ ಆ ಮಂಕು ಬಣ್ಣ ಎಳೆಯ ಗುಲಾಬಿಯಾಗಿ ತಿಳಿಯುತ್ತದೆ. ಶಂಖಪುಷ್ಪ ಆಡಿದ ಆಟವನ್ನೇ ಇದೂ ಆಡುತ್ತದೆ. ಉಪ್ಪು, ಸಾಸಿವೆ ಒಗ್ಗರಣೆ, ಒಂದು ಒಣಮೆಣಸು. ತಂಬುಳಿಯನ್ನು ಕುದಿಸಬಾರದೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಬಸುರಿಯರಿಗೆ ದಾಸವಾಳ ಬಡಿಸುವುದಿಲ್ಲ, ನಾನೂ ಆ ಪದ್ಧತಿ ಮುರಿದಿಲ್ಲ.

ಕೇಪಳವೂ ಆಗುತ್ತದೆ. ಹೂವು ಸಣ್ಣದಾದ್ದರಿಂದ ಎರಡು ಹಿಡಿ ಬೇಕು. ಸ್ವಲ್ಪ ಒಗರು. ಚಿಕ್ಕಂದಿನಲ್ಲಿ ಇದರ ಬುಡ ಹೀರಿ ಜೇನು ಕುಡಿದವರಿಗೆ ರುಚಿ ಗೊತ್ತು.

ಕುಂಬಳದ ಹೂ ಕಿತ್ತರೆ ಕಾಯಿ ಕಡಿಮೆಯಾಗುತ್ತದೆ ಎಂದು ಅತ್ತೆ ಬೈಯುತ್ತಾರೆ. (ಕಲಬುರಗಿ)

ಅತ್ತೆ ಅರ್ಧ ಸರಿ. ಸಿಹಿಗುಂಬಳದ ಬಳ್ಳಿಯಲ್ಲಿ ಗಂಡು ಹೂವೇ ಹೆಚ್ಚು. ಉದ್ದನೆಯ ತೆಳು ತೊಟ್ಟಿನ ಮೇಲೆ ನೆಟ್ಟಗೆ ನಿಂತದ್ದು ಗಂಡು. ಗಿಡ್ಡ ತೊಟ್ಟು, ಹೂವಿನ ಬುಡದಲ್ಲಿ ಗೋಲಿಯಂಥ ಪುಟ್ಟ ಕಾಯಿ ಇದ್ದರೆ ಹೆಣ್ಣು. ಅದನ್ನು ಮುಟ್ಟಬೇಡಿ. ಜೇನ್ನೊಣಗಳ ಕೆಲಸಕ್ಕೆ ಬಳ್ಳಿಗೆ ನಾಲ್ಕೈದು ಗಂಡು ಹೂವು ಬಿಟ್ಟು ಉಳಿದದ್ದನ್ನು ಬೆಳಗ್ಗೆಯೇ ಕೊಯ್ಯಿರಿ, ಬಿಸಿಲೇರಿದರೆ ಮುದುಡಿಕೊಳ್ಳುತ್ತದೆ. ಒಳಗಿನ ಕೇಸರ ತೆಗೆದು, ಕಡಲೆಹಿಟ್ಟು, ಚೂರು ಅಕ್ಕಿಹಿಟ್ಟು, ಅಜ್ವಾನದ ಹಿಟ್ಟಿನಲ್ಲಿ ಅದ್ದಿ ಕರಿದ ಮೊದಲ ಬಜ್ಜಿಯನ್ನು ಅತ್ತೆಗೇ ಕೊಡಿ.

ಸಕ್ಕರೆ ಲೇಪಿಸಿದ ಹೂಗಳನ್ನು ಮೊಟ್ಟೆಯಿಲ್ಲದೆ ಮಾಡಬಹುದೇ? (ಶಿರಸಿ)

ಮಾಡಬಹುದು. ಮೊಟ್ಟೆಯ ಬಿಳಿಯ ಬದಲು ಅಂಟು. ಅಂಟಿನ ಉಂಡೆಗೆ ಹಾಕುವ ಅದೇ ಅಂಟು. ಪುಡಿ ಮಾಡಿ, ಒಂದು ಚಮಚಕ್ಕೆ ಮೂರು ಚಮಚ ಪನ್ನೀರು ಸೇರಿಸಿ ರಾತ್ರಿಯಿಡೀ ಕರಗಲು ಬಿಡಿ. ಕೊಳ್ಳುವಾಗ ಎಚ್ಚರ. ಒಮ್ಮೆ ನನಗೆ ಅಂಗಡಿಯಲ್ಲಿ ಕತೀರ ಗೋಂದು ಕಟ್ಟಿ ಕೊಟ್ಟಿದ್ದರು, ನಾನೂ ನೋಡದೆ ತಂದೆ. ಅದು ಕರಗುವುದಿಲ್ಲ, ಉಬ್ಬುತ್ತದೆ. ಬೆಳಿಗ್ಗೆ ಎದ್ದರೆ ಬಟ್ಟಲಿನಿಂದ ಲೋಳೆಯ ಗುಡ್ಡವೊಂದು ನನ್ನನ್ನೇ ನೋಡುತ್ತಿತ್ತು.

ಸಕ್ಕರೆಯನ್ನು ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ. ಸಣ್ಣ ರವೆಯ ಹಾಗಿರಬೇಕು, ಹಿಟ್ಟಾದರೆ ಹೂವಿನ ಮೇಲೆ ಸುಣ್ಣ ಬಳಿದಂತೆ ಕಾಣುತ್ತದೆ. ಎಸಳಿನ ಎರಡೂ ಬದಿಗೆ ಚಿತ್ರ ಬಿಡಿಸುವ ಹೊಸ ಕುಂಚದಿಂದ ಅಂಟು ಸವರಿ. ತೆಳ್ಳಗೆ, ಆದರೆ ಒಂದು ಮಡಿಕೆಯೂ ಬಿಡದೆ. ಬಿಟ್ಟ ಜಾಗ ಎರಡು ದಿನದಲ್ಲಿ ಕಂದಾಗಿ ನಿಮ್ಮ ಸೋಮಾರಿತನವನ್ನು ಊರಿಗೆಲ್ಲ ಹೇಳುತ್ತದೆ. ಸಕ್ಕರೆಯನ್ನು ಮೇಲಿನಿಂದ ಉದುರಿಸಿ, ಹೆಚ್ಚಾದದ್ದನ್ನು ತಟ್ಟಿ ಬೀಳಿಸಿ, ಬೆಣ್ಣೆ ಕಾಗದದ ಮೇಲೆ ಒಣಗಿಸಿ. ಶಿರಸಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಹಪ್ಪಳವೇ ಒಣಗದ ಕಾಲ ಅದು. ಫೆಬ್ರುವರಿಯಲ್ಲಾದರೆ ಫ್ಯಾನಿನ ಕೆಳಗೆ ಎರಡು ದಿನ ಸಾಕು. ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಉಳಿಯುತ್ತವೆ. ಫ್ರಿಜ್ಜಿನಲ್ಲಿಟ್ಟರೆ ಬೆವರಿ ಸಕ್ಕರೆ ಕರಗುತ್ತದೆ.

ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ದಾಸವಾಳ ಚಳಿಗೆ ನಿಲ್ಲುವುದಿಲ್ಲ. ಏನು ಬೆಳೆಯಲಿ?

ಬೀಜ ಹಾಕಿ ಪ್ಯಾನ್ಸಿ, ನಾಸ್ಟರ್ಷಿಯಂ ಬೆಳೆಯಿರಿ. ಪ್ಯಾನ್ಸಿ ಕೇಕಿಗೆ. ನಾಸ್ಟರ್ಷಿಯಂ ಸಾಸಿವೆಯಂತೆ ಖಾರ, ಕೋಸಂಬರಿಗೆ ಸೊಗಸು. ಅಂಗಡಿಯಲ್ಲಿ ಹೂಬಿಟ್ಟ ಗಿಡ ತಂದರೆ ಮಾರುಕಟ್ಟೆಯ ಗುಲಾಬಿಯ ಕಥೆಯೇ. ಡ್ಯಾಫೊಡಿಲ್, ಫಾಕ್ಸ್‌ಗ್ಲೋವ್, ಹೈಡ್ರೇಂಜಿಯ ಬೇಡವೇ ಬೇಡ, ಮೂರೂ ವಿಷ.

ಬಿಸಿಬೇಳೆಬಾತಿಗೆ ಹಾಕುವ ಕಲ್ಲುಹೂ, ಮರಾಠಿ ಮೊಗ್ಗು, ಚಕ್ರಮೊಗ್ಗು ಇವೆಲ್ಲ ಹೂವುಗಳೇ? (ಹುಬ್ಬಳ್ಳಿ)

ಕಲ್ಲುಹೂ ಹೂವಲ್ಲ, ಬಂಡೆಗೂ ಮರಕ್ಕೂ ಹತ್ತುವ ಕಲ್ಲುಪಾಚಿಯ ಜಾತಿ. ಚಕ್ರಮೊಗ್ಗು ಮೊಗ್ಗಲ್ಲ, ಒಣಗಿದ ಕಾಯಿ. ಮರಾಠಿ ಮೊಗ್ಗು ಬೂರುಗದ ಬಳಗದ ಮರದ್ದು, ಮರಾಠಿಯದಲ್ಲ. ಹೂ, ಮೊಗ್ಗು ಎಂಬ ಹೆಸರೇ ಇಲ್ಲದ ಲವಂಗ ಮಾತ್ರ ಅಪ್ಪಟ ಹೂಮೊಗ್ಗು. ಹೂಕೋಸಿನ ಬಗ್ಗೆ ದಯವಿಟ್ಟು ಯಾರೂ ಕೇಳಬೇಡಿ, ಮುಂದಿನ ತಿಂಗಳ ಪುಟವನ್ನು ಉಪ್ಪಿನಕಾಯಿಗೆ ಎತ್ತಿಟ್ಟಿದ್ದೇನೆ.